ರಾತ್ರಿ ಹತ್ತಕ್ಕೇ ಹೊರಟ ಬೆಳಗಿನ ಹೆಲಿಕಾಪ್ಟರ್

ಪ್ರಶ್ನೆ: ಆರ್ಮಾ 3 ಎಂಬ ಯುದ್ಧದ ಕಂಪ್ಯೂಟರ್ ಆಟದಲ್ಲಿ ಸನ್ನಿವೇಶಗಳನ್ನು ರಚಿಸಲು ಇರುವ ಈಡನ್ ಎಡಿಟರ್‌ನಲ್ಲಿ ಒಂದು ಮಿಷನ್ ಕಟ್ಟುತ್ತಿದ್ದೇನೆ. ರಾತ್ರಿ 10 ಗಂಟೆಗೆ ಕಥೆ ಆರಂಭ. ಬೆಳಗಿನ ಜಾವ 5.30ಕ್ಕೆ ಹೆಲಿಕಾಪ್ಟರ್ ಬಂದು ಸೈನಿಕರನ್ನು ಕರೆದೊಯ್ಯಬೇಕು. ಅದಕ್ಕಾಗಿ, ಷರತ್ತು ಪೂರೈಸಿದೊಡನೆ ಕೆಲಸ ನಡೆಸುವ ಟ್ರಿಗರ್‌ನ ಷರತ್ತಿನಲ್ಲಿ ‘ಡೇಟೈಮ್ 5.5ಕ್ಕಿಂತ ಹೆಚ್ಚು’ ಎಂದು ಬರೆದಿದ್ದೇನೆ. ಆದರೆ ಆಟ ಶುರುವಾದ ಕೂಡಲೇ ಹೆಲಿಕಾಪ್ಟರ್ ಹೊರಟುಬಿಡುತ್ತದೆ. ಏಕೆ? (ಓದುಗರು, ಧಾರವಾಡ)

ಉತ್ತರ: ಹೆಲಿಕಾಪ್ಟರ್ ನೀವು ಬರೆದುದನ್ನು ಅಕ್ಷರಶಃ ಪಾಲಿಸುತ್ತಿದೆ. ಡೇಟೈಮ್ ಎಂಬುದು ಆಟದೊಳಗಿನ ದಿನದ ಗಡಿಯಾರ; ಅದು ಗಂಟೆಯನ್ನು ದಶಮಾಂಶದಲ್ಲಿ 0ಯಿಂದ 24ರವರೆಗೆ ಎಣಿಸಿ, ಮಧ್ಯರಾತ್ರಿಯಲ್ಲಿ ಮತ್ತೆ ಸೊನ್ನೆಗೆ ಮರಳುತ್ತದೆ. ರಾತ್ರಿ 10 ಅದರ ಲೆಕ್ಕದಲ್ಲಿ 22, ಮತ್ತು 22 ಎಂಬುದು 5.5ಕ್ಕಿಂತ ದೊಡ್ಡ ಸಂಖ್ಯೆಯಾದ್ದರಿಂದ ನಿಮ್ಮ ಷರತ್ತು ಮೊದಲ ಕ್ಷಣದಲ್ಲೇ ಪೂರೈಸಿಹೋಗಿರುತ್ತದೆ. ಬೆಳಗಿನ ಜಾವ ಎಂದಾಗ ನಮ್ಮ ಮನಸ್ಸು ‘ನಾಳೆ’ ಎಂಬ ಮಾತನ್ನು ತಾನಾಗಿ ಸೇರಿಸಿಕೊಳ್ಳುತ್ತದೆ. ಆ ಅಂಕಿಯೊಳಗೆ ನಾಳೆ ಇಲ್ಲ. ‘5.5ಕ್ಕಿಂತ ಹೆಚ್ಚು, ಜೊತೆಗೆ 12ಕ್ಕಿಂತ ಕಡಿಮೆ’ ಎಂದು ಎರಡೂ ಕಡೆ ಬೇಲಿ ಹಾಕಿದರೆ ನಿಮ್ಮ ಕೆಲಸ ಆಗುತ್ತದೆ. ಕಥೆ ಹಲವು ದಿನ ನಡೆಯುವುದಾದರೆ ಮಾತ್ರ ವರ್ಷ, ತಿಂಗಳು, ದಿನ, ಗಂಟೆ, ನಿಮಿಷಗಳನ್ನು ಒಟ್ಟಿಗೆ ಕೊಡುವ ‘ಡೇಟ್’ ಆದೇಶಕ್ಕೆ ಹೋಗಿ.

‘ಹೆಚ್ಚು’ ಎಂಬುದರ ಬದಲು ‘ಸಮ’ ಎಂದು ಬರೆದು ಈ ತೊಡಕನ್ನು ದಾಟಬಹುದೆಂದು ಕೆಲವರಿಗೆ ತೋರುತ್ತದೆ. ಅದು ಬಾಣಲೆಯಿಂದ ಬೆಂಕಿಗೆ ಬಿದ್ದಂತೆ. ಟ್ರಿಗರ್ ತನ್ನ ಷರತ್ತನ್ನು ಸಾಮಾನ್ಯವಾಗಿ ಅರ್ಧ ಸೆಕೆಂಡಿಗೊಮ್ಮೆ ಮಾತ್ರ ನೋಡುತ್ತದೆ, ಮತ್ತು ಆ ನೋಟ ಸರಿಯಾಗಿ 5.5ರ ಮೇಲೆಯೇ ಬೀಳುವ ಸಂಭವ ಇಲ್ಲವೆಂದೇ ಹೇಳಬೇಕು.

ನೀವು ಕೇಳದಿದ್ದರೂ ಮುಂದಿನ ಪ್ರಶ್ನೆ ಇದೇ ಆಗಿರುತ್ತದೆ: ಏಳೂವರೆ ಗಂಟೆ ಕಾಲ ಆಟಗಾರನನ್ನು ಕೂರಿಸುವುದು ಹೇಗೆ? ಆರ್ಮಾ 3ರಲ್ಲಿ ದಿನದ ಗಡಿಯಾರ, ನೀವು ಬದಲಿಸದ ಹೊರತು, ನಮ್ಮ ಗೋಡೆ ಗಡಿಯಾರದ ವೇಗದಲ್ಲೇ ಓಡುತ್ತದೆ. ‘ಸ್ಕಿಪ್‌ಟೈಮ್’ ಆದೇಶಕ್ಕೆ 7.5 ಎಂದು ಕೊಟ್ಟರೆ ಒಂದೇ ನೆಗೆತಕ್ಕೆ ಬೆಳಗಾಗುತ್ತದೆ. ‘ಸೆಟ್‌ಟೈಮ್‌ಮಲ್ಟಿಪ್ಲೈಯರ್’ ಆದೇಶಕ್ಕೆ 30 ಕೊಟ್ಟರೆ ಇರುಳು 15 ನಿಮಿಷಗಳಲ್ಲಿ ಕಳೆಯುತ್ತದೆ. ಗರಿಷ್ಠ ಮಿತಿಯಾದ 120 ಕೊಟ್ಟರೆ ನಾಲ್ಕು ನಿಮಿಷವೂ ಬೇಡ. ಇದರಿಂದ ಸೈನಿಕರ ನಡಿಗೆಯ ವೇಗ ಬದಲಾಗುವುದಿಲ್ಲ, ಆಕಾಶ ಮಾತ್ರ ಓಡುತ್ತದೆ. ನನಗೆ ಎರಡನೆಯ ದಾರಿಯೇ ಇಷ್ಟ, ಏಕೆಂದರೆ ಕತ್ತಲು ಕರಗುವುದನ್ನು ಆಟಗಾರ ಕಣ್ಣಾರೆ ಕಾಣುತ್ತಾನೆ. ಆದರೆ 120ರ ವೇಗದಲ್ಲಿ ಟ್ರಿಗರ್‌ನ ಎರಡು ನೋಟಗಳ ನಡುವೆ ಆಟದ ಒಂದು ಇಡೀ ನಿಮಿಷ ಸರಿದುಹೋಗುತ್ತದೆ ಎಂಬುದನ್ನು ಮರೆತು ನಿಮಿಷಕ್ಕಿಂತ ಕಿರಿದಾದ ಬೇಲಿ ಹಾಕಿದವರ ಹೆಲಿಕಾಪ್ಟರ್ ಬರದೆಯೇ ಉಳಿಯಬಹುದು.

ಇನ್ನೂ ಒಂದು ಗಡಿಯಾರವಿದೆ. ‘ಟೈಮ್’ ಎಂಬ ಆದೇಶ ಮಿಷನ್ ಆರಂಭವಾದಂದಿನಿಂದ ಕಳೆದ ಸೆಕೆಂಡುಗಳನ್ನು ಕೊಡುತ್ತದೆ. ಮೇಲೆ ಹೇಳಿದ ಎರಡೂ ಆದೇಶಗಳು ಅದನ್ನು ಮುಟ್ಟುವುದಿಲ್ಲ. ‘ಹತ್ತು ನಿಮಿಷದ ನಂತರ’ ಎನ್ನುವುದಕ್ಕೆ ಟೈಮ್, ‘ಮುಂಜಾನೆ’ ಎನ್ನುವುದಕ್ಕೆ ಡೇಟೈಮ್.

ಪ್ರಶ್ನೆ: ಟ್ರಿಗರ್ ಕೆಲಸ ಮಾಡಿದ 60 ಸೆಕೆಂಡುಗಳ ಬಳಿಕ ಸ್ಫೋಟವಾಗಲಿ ಎಂದು, ಅದರ ಚಾಲನೆಯ ಅಂಕಣದಲ್ಲಿ, ಅಷ್ಟು ಹೊತ್ತು ಕಾಯಲು ಹೇಳುವ ‘ಸ್ಲೀಪ್ 60’ ಎಂದು ಬರೆದರೆ ದೋಷ ಬರುತ್ತದೆ. ಇದೇ ಸಾಲು ಬೇರೆ ಕಡತದಲ್ಲಿ ಸರಿಯಾಗಿ ನಡೆಯುತ್ತದೆ. (ಓದುಗರು, ಶಿವಮೊಗ್ಗ)

ಉತ್ತರ: ಟ್ರಿಗರ್‌ನ ಅಂಕಣದಲ್ಲಿರುವ ಸಾಲುಗಳು ನಡುವೆ ನಿಲ್ಲದೆ ಒಂದೇ ಉಸಿರಿನಲ್ಲಿ ಮುಗಿಯಬೇಕು, ಅವು ಮುಗಿಯುವ ತನಕ ಆಟ ಮುಂದಿನ ಚಿತ್ರವನ್ನು ತೋರಿಸುವುದಿಲ್ಲ. ಅಲ್ಲಿ ನಿದ್ದೆಗೆ ಅವಕಾಶವಿದ್ದರೆ ಇಡೀ ಆಟವೇ 60 ಸೆಕೆಂಡು ಕಲ್ಲಾಗಬೇಕಾಗುತ್ತಿತ್ತು. ‘ಎಕ್ಸೆಕ್‌ವಿಎಂ’ ಅಥವಾ ‘ಸ್ಪಾನ್’ ಮೂಲಕ ಕರೆದ ಸಾಲುಗಳು ಬೇರೆ ಸರದಿಯಲ್ಲಿ ನಿಲ್ಲುತ್ತವೆ, ಆದ್ದರಿಂದ ಅವು ಕಾಯಬಲ್ಲವು. ನಿಮ್ಮ ಸಾಲುಗಳನ್ನು ಸ್ಪಾನ್ ಒಳಗಿಟ್ಟರೆ ದೋಷ ಹೋಗುತ್ತದೆ. ಆ ಸರದಿಗೆ ಪ್ರತಿ ಚಿತ್ರಕ್ಕೆ ಸುಮಾರು 3 ಮಿಲಿಸೆಕೆಂಡು ಮಾತ್ರ ದೊರೆಯುವುದರಿಂದ, ಸ್ಕ್ರಿಪ್ಟುಗಳು (ಹೀಗೆ ಬರೆದ ಆದೇಶದ ಸಾಲುಗಳು) ಕಿಕ್ಕಿರಿದ ಮಿಷನ್‌ನಲ್ಲಿ 60 ಎಂಬುದು 61 ಆದರೆ ಅಚ್ಚರಿಪಡಬೇಡಿ.

ಆದರೆ ನಿಮಗೆ ಸ್ಕ್ರಿಪ್ಟ್ ಬೇಕೇ ಎಂಬುದೇ ನನ್ನ ಅನುಮಾನ. ಟ್ರಿಗರ್‌ನಲ್ಲಿಯೇ ಸಮಯದ ಆಯ್ಕೆ ಇದ್ದು, ಅದರಲ್ಲಿ ಎರಡು ಬಗೆಗಳಿವೆ. ‘ಕೌಂಟ್‌ಡೌನ್’ ಒಮ್ಮೆ ಎಣಿಕೆ ಆರಂಭಿಸಿದರೆ, ಆಟಗಾರ ಆ ಜಾಗ ಬಿಟ್ಟು ಓಡಿದರೂ ನಿಲ್ಲಿಸುವುದಿಲ್ಲ. ಬಾಂಬಿಗೆ ಇದೇ ಸರಿ. ‘ಟೈಮ್‌ಔಟ್’ ಹಾಗಲ್ಲ: ಷರತ್ತು ಅಷ್ಟು ಹೊತ್ತೂ ಮುರಿಯದೆ ಉಳಿದಿರಬೇಕು, ಮುರಿದರೆ ಎಣಿಕೆ ಮೊದಲಿನಿಂದ. ಗುಡ್ಡವನ್ನು ಮೂರು ನಿಮಿಷ ಹಿಡಿದಿಟ್ಟುಕೊಳ್ಳಬೇಕು ಎಂಬ ಗುರಿಗೆ ಅದು ತಕ್ಕುದು. ಎರಡರಲ್ಲೂ ಕನಿಷ್ಠ, ಮಧ್ಯಮ, ಗರಿಷ್ಠ ಎಂದು ಮೂರು ಅಂಕಿಗಳಿರುತ್ತವೆ. ನಿಖರ ಸಮಯ ಬೇಕಾದರೆ ಮೂರರಲ್ಲೂ 60 ತುಂಬಿಸಿ. ಬೇರೆ ಬೇರೆ ಅಂಕಿ ಕೊಟ್ಟರೆ ಪ್ರತಿ ಸಲವೂ ಸ್ಫೋಟದ ಸಮಯ ಬದಲಾಗುತ್ತದೆ, ಎರಡನೆಯ ಸಲ ಆಡುವವನ ಎದೆಯೂ ಡವಗುಡುತ್ತದೆ.

ಪ್ರಶ್ನೆ: ಐದನೆಯ ನಿಮಿಷಕ್ಕೆ ಒಂದು ಲಾರಿ ಬರುವಂತೆ ಟ್ರಿಗರ್ ಒಂದರಲ್ಲಿ ಸ್ಕ್ರಿಪ್ಟ್ ಬರೆದಿದ್ದೇನೆ. ಒಬ್ಬನೇ ಆಡಿದಾಗ ಒಂದೇ ಬರುತ್ತದೆ. ಮೂವರು ಗೆಳೆಯರೊಂದಿಗೆ ಆಡಿದಾಗ ನಾಲ್ಕು ಬರುತ್ತವೆ. (ಓದುಗರು, ಮಂಗಳೂರು)

ಉತ್ತರ: ಎಡಿಟರ್‌ನಲ್ಲಿಟ್ಟ ಟ್ರಿಗರ್ ಆಡುವವರೆಲ್ಲರ ಕಂಪ್ಯೂಟರಿನಲ್ಲೂ ಒಂದೊಂದು ಇರುತ್ತದೆ. ಐದನೆಯ ನಿಮಿಷದಲ್ಲಿ ನಾಲ್ಕೂ ಕಂಪ್ಯೂಟರುಗಳು ತಮ್ಮ ಪಾಡಿಗೆ ಒಂದೊಂದು ಲಾರಿಯನ್ನು ಸೃಷ್ಟಿಸುತ್ತವೆ, ಮತ್ತು ಒಬ್ಬರು ಸೃಷ್ಟಿಸಿದ ವಾಹನ ಎಲ್ಲರಿಗೂ ಕಾಣುತ್ತದೆ. ಟ್ರಿಗರ್‌ನ ‘ಸರ್ವರ್ ಓನ್ಲಿ’ ಗುರುತನ್ನು ಒತ್ತಿದರೆ, ಆಟವನ್ನು ನಡೆಸಿಕೊಡುವ ಕಂಪ್ಯೂಟರಾದ ಸರ್ವರ್ ಮಾತ್ರ ಅದನ್ನು ಸೃಷ್ಟಿಸಿ, ಲಾರಿ ಒಂದೇ ಆಗುತ್ತದೆ. ಆಗ ಹೊಸದೊಂದು ತೊಂದರೆ ಕಾಣಿಸಿಕೊಳ್ಳುತ್ತದೆ: ಅದೇ ಅಂಕಣದಲ್ಲಿ ‘ಹಿಂಟ್’ ಮೂಲಕ ಬರೆದ ಸಂದೇಶ ಆಟವನ್ನು ನಡೆಸಿಕೊಡುವವರ ಪರದೆಯಲ್ಲಿ ಮಾತ್ರ ಮೂಡುತ್ತದೆ. ಸಂದೇಶವನ್ನು ‘ರಿಮೋಟ್‌ಎಕ್ಸೆಕ್’ ಮೂಲಕ ಎಲ್ಲರಿಗೂ ಕಳುಹಿಸಿ, ಲಾರಿಯನ್ನು ಸರ್ವರ್‌ಗೇ ಬಿಡಿ.