ಒಡೆದುಹೋದ ಸಮುದಾಯಗಳ ನಡುವೆ ಮಧ್ಯಸ್ಥಿಕೆಯಿಂದ ಸಂಬಂಧ ಸುಧಾರಿಸುತ್ತದೆಯೇ?

ಸುಧಾರಿಸುತ್ತದೆ, ಆದರೆ ಮಧ್ಯಸ್ಥರು ತೀರ್ಪು ಕೊಡಲು ಹೋಗಬಾರದು. ಅವರೇನು ನ್ಯಾಯಾಧೀಶರಲ್ಲ, ಅಲ್ವಾ? ಮೊದಲು ಎರಡೂ ಕಡೆಯವರ ಮಾತನ್ನು ಬೇರೆಬೇರೆಯಾಗಿ ಕೇಳಬೇಕು. ಉದಾಹರಣೆಗೆ, ‘ಮೆರವಣಿಗೆ ನಮ್ಮ ಬೀದಿಗೆ ಬರಬಾರದು’ ಎನ್ನುವುದು ಒಂದು ಕಡೆಯವರ ಬೇಡಿಕೆ. ಯಾಕೆ ಅಂತ ಕೇಳಿದರೆ, ‘ಗದ್ದಲಕ್ಕೆ ಮಕ್ಕಳು ಹೆದರುತ್ತವೆ’ ಎನ್ನುತ್ತಾರೆ. ಬೇಡಿಕೆಗೆ ಹೌದು, ಇಲ್ಲ ಎಂಬ ಎರಡೇ ಉತ್ತರ. ಹೆದರಿಕೆಗಾದರೆ ದಾರಿಗಳು ಹಲವು: ಹೊತ್ತು ಬದಲಿಸಬಹುದು, ಆ ತಿರುವಿನಲ್ಲಿ ವಾದ್ಯ ನಿಲ್ಲಿಸಬಹುದು.

ಆಮೇಲೆ ಎದುರುಬದುರು ಕೂರಿಸಿ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಬಾಯಲ್ಲಿ ಹೇಳಿಸಬೇಕು. ಜಾಸ್ತಿ ಹೊತ್ತು ಹಿಡಿಯುವುದು ಇದೇ.

ಉತ್ತರ ಐರ್ಲೆಂಡ್‌ನಲ್ಲಿ ಕಾದಾಡುತ್ತಿದ್ದ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಸಮುದಾಯಗಳ ಪಕ್ಷಗಳ ನಡುವೆ ಅಮೆರಿಕದ ಮಾಜಿ ಸೆನೆಟರ್ ಜಾರ್ಜ್ ಮಿಚೆಲ್ ಸುಮಾರು ಎರಡು ವರ್ಷ ಮಾತುಕತೆ ನಡೆಸಿದ ಮೇಲೆ 1998ರ ಏಪ್ರಿಲ್‌ನಲ್ಲಿ ಶಾಂತಿ ಒಪ್ಪಂದವಾಯಿತು. ಸಹಿ ಬಿದ್ದರೂ ನೆರೆಹೊರೆ ತಕ್ಷಣ ಒಂದಾಗಲಿಲ್ಲ. ಅಲ್ಲಿನ ರಾಜಧಾನಿ ಬೆಲ್‌ಫಾಸ್ಟ್‌ನಲ್ಲಿ ಈ ಎರಡು ಸಮುದಾಯಗಳ ಬಡಾವಣೆಗಳ ನಡುವೆ ಕಟ್ಟಿದ ಗೋಡೆಗಳು ಆಮೇಲೂ ಎಷ್ಟೋ ವರ್ಷ ಹಾಗೇ ನಿಂತಿದ್ದವು.