ನಾಯಿಯ ಬಾಯಿ ನಾರುತ್ತಿದ್ದರೆ ನಮ್ಮ ಟೂತ್‌ಪೇಸ್ಟ್ ಹಾಕಿ ಉಜ್ಜಬಹುದಾ?

ನಿಮ್ಮ ಮೂರು ವರ್ಷದ ಪೊಮೆರೇನಿಯನ್‌ಗೆ ಬಾಯಿ ವಾಸನೆ, ಮನೆಯ ಪೇಸ್ಟ್‌ನಲ್ಲೇ ಉಜ್ಜಬಹುದಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ನಾಯಿಗೆ ಉಗುಳಲು ಬರುವುದಿಲ್ಲ, ಹಾಕಿದ್ದೆಲ್ಲ ನುಂಗುತ್ತದೆ. ಫ್ಲೋರೈಡ್ ಅದರ ಹೊಟ್ಟೆಗೆ ಒಳ್ಳೆಯದಲ್ಲ. ಕೆಲವು ಪೇಸ್ಟ್‌ಗಳಲ್ಲಿ ಸಿಹಿಗೆ ಅಂತ ಕ್ಸೈಲಿಟಾಲ್ ಇರುತ್ತದೆ. ಅದು ನಾಯಿಗೆ ವಿಷ, ರಕ್ತದ ಸಕ್ಕರೆ ಏಕಾಏಕಿ ಇಳಿದುಬಿಡುತ್ತದೆ.

ಆದರೆ ವಾಸನೆಯನ್ನು ನೀವು ಗಮನಿಸಿದ್ದು ಒಳ್ಳೆಯದಾಯಿತು. ನಾವು ಗಮನಿಸಲಿಲ್ಲ. ದಾವಣಗೆರೆ ವಿದ್ಯಾನಗರದ ನಮ್ಮ ಮನೆಯಲ್ಲಿ ಬೆಳ್ಳಿ ಇತ್ತು, ಅದೂ ಪೊಮೆರೇನಿಯನ್ನೇ. ಸಂಜೆ ನಾವು ಮಂಡಕ್ಕಿ, ಮಿರ್ಚಿ ತಿನ್ನಲು ಕೂತರೆ ಅದಕ್ಕೂ ಒಂದು ಹಿಡಿ ಬರೀ ಮಂಡಕ್ಕಿ. (ಈರುಳ್ಳಿ ಬೆರೆಸಿದ್ದು ನಾಯಿಗೆ ಕೊಡಲೇಬಾರದು.) ಎಂಟನೇ ವರ್ಷದಲ್ಲಿ ತಲೆ ವಾಲಿಸಿಕೊಂಡು ಬಲಗಡೆಯಿಂದಷ್ಟೇ ಅಗಿಯಲು ಶುರು ಮಾಡಿತು. ಅರ್ಧ ಮಂಡಕ್ಕಿ ನೆಲಕ್ಕೆ ಉದುರುತ್ತಿತ್ತು. ವಯಸ್ಸಾಯ್ತಲ್ವಾ ಅಂದುಕೊಂಡೆವು. ಒಂದು ಬೆಳಿಗ್ಗೆ ನೋಡಿದರೆ ಎಡಗಣ್ಣಿನ ಕೆಳಗೆ ಅಡಿಕೆ ಗಾತ್ರದ ಊತ. ಜೇನು ಕಚ್ಚಿರಬೇಕು ಅಂತ ಎರಡು ದಿನ ಸುಮ್ನೆ ಕಾದೆವು.

ಡಾಕ್ಟರ್ ಕಣ್ಣನ್ನು ನೋಡುವ ಬದಲು ಮೊದಲು ತುಟಿ ಎತ್ತಿ ನೋಡಿದರು. ಮೇಲಿನ ದೊಡ್ಡ ದವಡೆ ಹಲ್ಲು ಕಾಣದಷ್ಟು ಕಂದು ಕಲ್ಲು ಕಟ್ಟಿತ್ತು, ಬೇರಲ್ಲಿ ಕೀವು. ಆ ಹಲ್ಲಿನ ಬೇರು ಕಣ್ಣಿನ ಕೆಳಗೇ ಬರುತ್ತದೆ. ಕೀಳಿಸಬೇಕಾಯಿತು. ಅಷ್ಟು ದಿನ ನೋವು ನುಂಗಿಕೊಂಡು ನಮ್ಮ ಮುಂದೆ ಬಾಲ ಆಡಿಸಿತ್ತಲ್ಲ, ನೆನೆದರೆ ಈಗಲೂ ಕರುಳು ಚುರ್ ಅನ್ನುತ್ತದೆ.

ಸಣ್ಣ ತಳಿಗಳಿಗೆ ಈ ಕಾಟ ಜಾಸ್ತಿ. ಅಷ್ಟು ಚಿಕ್ಕ ಬಾಯಲ್ಲೂ 42 ಹಲ್ಲು ಇರಬೇಕು, ಒತ್ತೊತ್ತಾಗಿ ಬರುತ್ತವೆ. ಸಂದಿಯಲ್ಲಿ ಕೂತ ಪಾಚಿ ಎರಡು ಮೂರು ದಿನದಲ್ಲೇ ಎಂಜಲಿನ ಲವಣ ಸೇರಿ ಗಟ್ಟಿಯಾಗತೊಡಗುತ್ತದೆ. ಆಮೇಲೆ ಬ್ರಷ್‌ಗೆ ಜಗ್ಗುವುದಿಲ್ಲ. ಅದಕ್ಕೇ ದಿನಾ ಉಜ್ಜಬೇಕು ಅನ್ನುವುದು.

ಈಗಿನ ನಾಯಿಗೆ ನಾನು ಹಳೇ ಪಂಚೆಯ ತುಂಡನ್ನು ಬೆರಳಿಗೆ ಸುತ್ತಿ ಒದ್ದೆ ಮಾಡಿಕೊಂಡು ಶುರು ಮಾಡಿದೆ. ಮೊದಲ ನಾಲ್ಕು ದಿನ ತುಟಿ ಎತ್ತಿ ಬಿಡುವುದು, ಮುದ್ದು ಮಾಡುವುದು, ಅಷ್ಟೇ. ಆಮೇಲೆ ಎರಡು ಹಲ್ಲು, ಹಾಗೇ ಹಿಂದಕ್ಕೆ. ಹೊರಮೈ ಉಜ್ಜಿದರೆ ಸಾಕು, ಒಳಗಡೆಯನ್ನು ನಾಲಿಗೆಯೇ ಸ್ವಲ್ಪ ಮಟ್ಟಿಗೆ ನೋಡಿಕೊಳ್ಳುತ್ತದೆ. ಒಗ್ಗಿದ ಮೇಲೆ ಮಕ್ಕಳ ಮೆತ್ತನೆ ಬ್ರಷ್, ನಾಯಿಗೇ ಮಾಡಿದ ಪೇಸ್ಟ್. ಪೇಸ್ಟ್ ಸಿಗದಿದ್ದರೆ ಬರೀ ನೀರು.

ಹಲ್ಲು ಶುಚಿಯಾಗಲಿ ಅಂತ ಮಟನ್ ಮೂಳೆ ಕೊಡುವವರಿದ್ದಾರೆ. ದಯವಿಟ್ಟು ಬೇಡ, ಹಲ್ಲೇ ಸೀಳುತ್ತದೆ. ಹೆಬ್ಬೆರಳ ಉಗುರು ಒತ್ತಿದಾಗ ಗುರುತು ಬೀಳದಷ್ಟು ಗಟ್ಟಿ ಇರುವುದನ್ನು ಅಗಿಯಲು ಕೊಡಬೇಡಿ.

ಇವತ್ತೇ ಬೆಳಕಲ್ಲಿ ಕೂರಿಸಿಕೊಂಡು ತುಟಿಯನ್ನು ಹಿಂದಕ್ಕೆ ಎಳೆದು ಆ ದೊಡ್ಡ ಹಲ್ಲು ನೋಡಿ. ಹಳದಿ ಕಲ್ಲು ಕಟ್ಟಿದ್ದರೆ, ಒಸಡು ಕೆಂಪಾಗಿದ್ದರೆ ಈಗಲೇ ಉಜ್ಜಲು ಹೋಗಬೇಡಿ. ನೋವಾದರೆ ಮತ್ತೆಂದೂ ಬಾಯಿ ಮುಟ್ಟಿಸಿಕೊಳ್ಳುವುದಿಲ್ಲ. ಮೊದಲು ಡಾಕ್ಟರ್ ಹತ್ತಿರ ಹೋಗಿ. ಒಸಡಿನ ಒಳಗಿನ ಕೊಳೆ ತೆಗೆಯಲು ಅರಿವಳಿಕೆ ಕೊಟ್ಟೇ ಸ್ಕೇಲಿಂಗ್ (ಕಟ್ಟಿದ ಕಲ್ಲು ಕೆರೆದು ತೆಗೆಯುವುದು) ಮಾಡಬೇಕು, ಅದಕ್ಕೂ ಮುಂಚೆ ರಕ್ತ ಪರೀಕ್ಷೆ ಕೇಳಿ ಮಾಡಿಸಿ. ನಿಮ್ಮೂರಲ್ಲಿ ಸ್ಕೇಲಿಂಗ್ ಆಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ.