ನಲ್ಲಾರ್ಬರ್ ನಡುವಿನ ಕುಕ್ ಬಗ್ಗೆ ಕೇಳಿದ್ದಿರಲ್ಲ

ನಮಸ್ಕಾರ. ಆಸ್ಟ್ರೇಲಿಯಾದ 491 ವೀಸಾ, ಅಂದರೆ ದೊಡ್ಡ ನಗರಗಳ ಹೊರಗೆ ಇರಬೇಕಾದ ರೀಜನಲ್ ವೀಸಾ, ಬಂತು ಅಂತ ಓದಿ ಖುಷಿಯಾಯಿತು. ನೀವು ಕೇಳಿದ್ದು ಎರಡು ವಿಷಯ. ರೀಜನಲ್ ವೀಸಾ ಅಂದರೆ ಮ್ಯಾಪಿನಲ್ಲಿ ನಲ್ಲಾರ್ಬರ್ ಬಯಲಿನ ನಡುವೆ ಕಾಣುವ ಕುಕ್ ಥರದ ಒಂಟಿ ಊರಲ್ಲಿ ಇರಬೇಕಾ? ಅಡಿಲೇಡ್‌ನಿಂದ ಪರ್ತ್‌ನಲ್ಲಿರುವ ಅಣ್ಣನ ಮನೆಗೆ ಕಾರಲ್ಲಿ ಹೋಗುವಾಗ ಅಲ್ಲಿ ಒಂದು ರಾತ್ರಿ ತಂಗಬಹುದಾ?

ಮೊದಲನೆಯದರ ಬಗ್ಗೆ ಭಯ ಬೇಡ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟರೆ ಉಳಿದದ್ದೆಲ್ಲ ಈ ವೀಸಾದ ಲೆಕ್ಕದಲ್ಲಿ ರೀಜನಲ್ಲೇ. ಅಡಿಲೇಡ್, ಪರ್ತ್ ಎರಡೂ ಅದರಲ್ಲಿ ಸೇರುತ್ತವೆ. ಆದರೆ ಈ ವೀಸಾಗೆ ನಿಮ್ಮನ್ನು ನಾಮಿನೇಟ್ (ಶಿಫಾರಸು) ಮಾಡಿದ್ದು ಸೌತ್ ಆಸ್ಟ್ರೇಲಿಯಾ ರಾಜ್ಯ ಆದರೆ ಅವರ ಷರತ್ತುಗಳನ್ನು ಸರಿಯಾಗಿ ಓದಿಕೊಳ್ಳಿ.

ಎರಡನೆಯದು ಆಗುವ ಮಾತಲ್ಲ. ಕುಕ್‌ನಲ್ಲಿ ಲಾಡ್ಜ್ ಇಲ್ಲ, ಹೋಟೆಲ್ ಇಲ್ಲ, ಪೆಟ್ರೋಲ್ ಬಂಕ್ ಇಲ್ಲ. ಹೆದ್ದಾರಿ ಬಿಟ್ಟು ಉತ್ತರಕ್ಕೆ ಸುಮಾರು 100 ಕಿ.ಮೀ. ಮಣ್ಣಿನ ದಾರಿಯಲ್ಲಿ ಹೋದರೆ ಸಿಗುವುದು ಒಂದಷ್ಟು ಖಾಲಿ ಮನೆಗಳು, ಒಂದು ರೈಲು ಹಳಿ, ಹೆಚ್ಚೆಂದರೆ ಬೆರಳೆಣಿಕೆಯ ಜನ. ಆದರೂ ನೀವು ಕುಕ್ ಹೆಸರು ಎತ್ತಿದ್ದು ನನಗೆ ಇಷ್ಟವಾಯಿತು. ಈ ದೇಶ ಹೇಗೆ ಕಟ್ಟಿಕೊಂಡಿತು ಅಂತ ತಿಳಿಯಬೇಕಾದರೆ ಸಿಡ್ನಿಯ ಸೇತುವೆಗಿಂತ ಈ ಜಾಗವೇ ಜಾಸ್ತಿ ಹೇಳುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಮೊದಲು ನೆಲ ನೋಡಿ. ನಲ್ಲಾರ್ಬರ್ ಬಯಲು ಸುಮಾರು 2 ಲಕ್ಷ ಚದರ ಕಿ.ಮೀ. ನಮ್ಮ ಇಡೀ ಕರ್ನಾಟಕದಷ್ಟು. ಒಂದು ಕಾಲಕ್ಕೆ ಸಮುದ್ರದ ತಳವಾಗಿದ್ದ ಸುಣ್ಣದ ಕಲ್ಲಿನ ಹಾಸು ಅದು. ಮಳೆ ಬೀಳುವುದೇ ಕಡಿಮೆ, ಬಿದ್ದದ್ದೂ ಕಲ್ಲಿನ ಬಿರುಕಲ್ಲಿ ಇಳಿದುಹೋಗುತ್ತದೆ. ಹಾಗಾಗಿ ಮೇಲೆ ನದಿ ಇಲ್ಲ, ಕೆಳಗೆ ಗುಹೆಗಳಿವೆ. ಕಣ್ಣಿಗೆ ಕಾಣುವುದು ಮೊಣಕಾಲೆತ್ತರದ ಬೂದು ಬಣ್ಣದ ಕುರುಚಲು ಗಿಡ ಅಷ್ಟೇ.

ಇಂಥ ನೆಲದಲ್ಲಿ ಊರು ಹುಟ್ಟಿದ್ದು ರೈಲಿನಿಂದ. 1901ರಲ್ಲಿ ಆರು ವಸಾಹತುಗಳು ಸೇರಿ ಒಂದು ದೇಶವಾದವು. ಪಶ್ಚಿಮದವರು, ಅಂದರೆ ಪರ್ತ್ ಇರುವ ವೆಸ್ಟರ್ನ್ ಆಸ್ಟ್ರೇಲಿಯಾದವರು, ಒಳಗೆ ಬರಲು ಹಿಂದೆಮುಂದೆ ನೋಡುತ್ತಿದ್ದರು. ರೈಲು ಹಾಕಿ ಜೋಡಿಸುತ್ತೇವೆ ಅನ್ನುವ ಆಸೆ ತೋರಿಸಿ ಅವರನ್ನು ಒಪ್ಪಿಸಲಾಯಿತು. ಕೆಲಸ 1912ರಲ್ಲಿ ಶುರುವಾಯಿತು. ಪೂರ್ವದ ಪೋರ್ಟ್ ಆಗಸ್ಟಾದಿಂದ ಒಂದು ತಂಡ, ಪಶ್ಚಿಮದ ಕಾಲ್ಗೂರ್ಲಿಯಿಂದ ಇನ್ನೊಂದು ತಂಡ ಹಳಿ ಹಾಕುತ್ತಾ ಬಂದವು. 1917ರ ಅಕ್ಟೋಬರ್‌ನಲ್ಲಿ ಊಲ್ಡಿಯಾ ಹತ್ತಿರ ಎರಡೂ ಸೇರಿದವು. ನೀರು, ಸಾಮಾನು ಹೊರಲು ಒಂಟೆಗಳಿದ್ದವು. ಒಂಟೆಗಳನ್ನೂ ಅವುಗಳನ್ನು ನಡೆಸುವವರನ್ನೂ ಈ ದೇಶಕ್ಕೆ ತಂದದ್ದು ಬಹುಪಾಲು ಆಗಿನ ಬ್ರಿಟಿಷ್ ಇಂಡಿಯಾದ ಕಡೆಯಿಂದ. ಎಲ್ಲರನ್ನೂ 'ಆಫ್ಘನ್ನರು' ಅಂತ ಒಂದೇ ಹೆಸರಲ್ಲಿ ಕರೆದರು. ಅವರಲ್ಲಿ ಬಲೂಚಿಗಳು, ಪಂಜಾಬಿಗಳು, ಸಿಂಧಿಗಳೂ ಇದ್ದರು. ನಮಗಿಂತ ಎಷ್ಟೋ ಮೊದಲು ಬಂದವರು. ಅವರ ನೆನಪು ನಮ್ಮ ಹೊಸಬರಿಗೆ ಇರಬೇಕು.

ಹಳಿಯ ಪಕ್ಕದ ನಿಲ್ದಾಣಗಳಿಗೆ ಪ್ರಧಾನಿಗಳ ಹೆಸರಿಟ್ಟರು: ಬಾರ್ಟನ್, ವಾಟ್ಸನ್, ಫಿಷರ್, ಕುಕ್, ಹ್ಯೂಸ್, ಡೀಕಿನ್, ರೀಡ್. ಇಲ್ಲಿನ ಕುಕ್ ಅಂದರೆ ಹಡಗಿನಲ್ಲಿ ಬಂದ ಜೇಮ್ಸ್ ಕುಕ್ ಅಲ್ಲ, 1913–14ರಲ್ಲಿ ಪ್ರಧಾನಿಯಾಗಿದ್ದ ಜೋಸೆಫ್ ಕುಕ್. ಇಂಗ್ಲೆಂಡಿನಲ್ಲಿ ಚಿಕ್ಕ ಹುಡುಗನಾಗಿದ್ದಾಗಲೇ ಕಲ್ಲಿದ್ದಲು ಗಣಿಗೆ ಇಳಿದಿದ್ದವರು, 1885ರಲ್ಲಿ ಇಲ್ಲಿಗೆ ವಲಸೆ ಬಂದವರು.

ಕುಕ್ ಇರುವುದು ಪ್ರಪಂಚದಲ್ಲೇ ಅತಿ ಉದ್ದದ ನೇರ ಹಳಿಯ ಮೇಲೆ. 478 ಕಿ.ಮೀ. ಹೆಚ್ಚುಕಡಿಮೆ ಬೆಂಗಳೂರಿಂದ ಹುಬ್ಬಳ್ಳಿಗೆ ರೈಲಲ್ಲಿ ಹೋಗುವಷ್ಟು ದೂರ. ನಡುವೆ ಒಂದೇ ಒಂದು ತಿರುವಿಲ್ಲ. ಈ ಹಳಿ ನೋಡಿಕೊಳ್ಳಲು ಗ್ಯಾಂಗ್‌ಮನ್‌ಗಳು ಬೇಕಿತ್ತು. ಉಗಿ ಇಂಜಿನ್‌ಗಳಿಗೆ ನೀರು ಬೇಕಿತ್ತು. ಬೋರ್ ಕೊರೆದರೆ ಬರುತ್ತಿದ್ದದ್ದು ಉಪ್ಪುನೀರು, ಬಾಯ್ಲರ್ ಹಾಳಾಗುತ್ತಿತ್ತು. ಆದರೂ ಜನ ನಿಂತರು. ಒಳ್ಳೆಯ ಕಾಲದಲ್ಲಿ ಕುಕ್‌ನಲ್ಲಿ ಸುಮಾರು 200 ಜನ ಇದ್ದರು. ಶಾಲೆ, ಆಸ್ಪತ್ರೆ, ಅಂಗಡಿ, ಹುಲ್ಲೇ ಇಲ್ಲದ ಗಾಲ್ಫ್ ಮೈದಾನ, ಎಲ್ಲ ಇತ್ತು. ಆಸ್ಪತ್ರೆ ಉಳಿಯಬೇಕಾದರೆ ದಯವಿಟ್ಟು ಕಾಯಿಲೆ ಬೀಳಿ ಅಂತ ಊರವರು ಬೋರ್ಡ್ ಹಾಕಿದ್ದರು.

ಇವರಿಗೆಲ್ಲ ಊಟಕ್ಕೆ ದಾರಿ 'ಟೀ ಅಂಡ್ ಶುಗರ್' ಅನ್ನುವ ರೈಲು. ಒಂದು ಬೋಗಿ ಕಿರಾಣಿ ಅಂಗಡಿ, ಒಂದು ಮಾಂಸದ ಅಂಗಡಿ, ಒಂದು ಬಟವಾಡೆ ಬೋಗಿ. ಸಂಬಳ ಎಣಿಸಿಕೊಂಡು ಅದೇ ರೈಲಿನಲ್ಲಿ ಅಕ್ಕಿ ಸಕ್ಕರೆ ಕೊಳ್ಳಬಹುದಿತ್ತು. ಕ್ರಿಸ್‌ಮಸ್‌ಗೆ ಮಕ್ಕಳಿಗೆ ಉಡುಗೊರೆ ಹಂಚಲು ಸಾಂಟಾ ಕೂಡ ಅದರಲ್ಲೇ ಬರುತ್ತಿದ್ದ.

ಆಮೇಲೆ ಡೀಸೆಲ್ ಇಂಜಿನ್ ಬಂತು, ಅದಕ್ಕೆ ಅಷ್ಟು ನೀರು ಬೇಡ. ಕಾಂಕ್ರೀಟ್ ಸ್ಲೀಪರ್ ಬಂತು, ಅದಕ್ಕೆ ಅಷ್ಟು ಗ್ಯಾಂಗ್‌ಮನ್ ಬೇಡ. 1996ರಲ್ಲಿ ಟೀ ಅಂಡ್ ಶುಗರ್ ನಿಂತಿತು. 1997ರಲ್ಲಿ ರೈಲ್ವೆ ಖಾಸಗಿಯವರ ಕೈಗೆ ಹೋಯಿತು. ಊರು ಇಟ್ಟುಕೊಳ್ಳುವ ಅಗತ್ಯ ಅವರಿಗಿರಲಿಲ್ಲ. ಕುಕ್ ಖಾಲಿಯಾಯಿತು.

ನಾನು ಸಿಡ್ನಿ–ಪರ್ತ್ ನಡುವೆ ಓಡುವ ಇಂಡಿಯನ್ ಪೆಸಿಫಿಕ್ ರೈಲಲ್ಲಿ ಪರ್ತ್‌ಗೆ ಹೋದಾಗ ಗಾಡಿ ಅಲ್ಲಿ ಸ್ವಲ್ಪ ಹೊತ್ತು ನಿಂತಿತ್ತು. ಪ್ಲಾಟ್‌ಫಾರ್ಮ್ ಇಲ್ಲ, ಮೆಟ್ಟಿಲು ಹಾಕಿ ಜಲ್ಲಿ ಮೇಲೆ ಇಳಿಸಿದರು. ಹಳಿ ಪಕ್ಕದಲ್ಲೇ ಹಳೇ ಜೈಲು ಇದೆ, ತಗಡಿನ ಎರಡು ಪುಟ್ಟ ಕೋಣೆ, ಒಬ್ಬ ಮನುಷ್ಯ ಕೈ ಚಾಚಿದರೆ ಗೋಡೆ ಸಿಗುತ್ತದೆ. ಬಿಸಿಲಿಗೆ ಆ ತಗಡು ಮುಟ್ಟಲಾಗುತ್ತಿರಲಿಲ್ಲ. ಒಳಗೆ ಬೇಸಗೆ ಕಳೆದವನ ಗತಿ ನೆನೆದು ನನಗೆ ಸಂಕಟವಾಯಿತು.

ಇನ್ನೊಂದು ಮಾತು. 'ಯಾರೂ ಇಲ್ಲದ ನೆಲ' ಅಂತ ಇಲ್ಲಿ ಸುಮ್ನೆ ಹೇಳಿಬಿಡುತ್ತಾರೆ. ನೀವು ಹಾಗೆ ಹೇಳಬೇಡಿ. ಊಲ್ಡಿಯಾದಲ್ಲಿ ಮರಳಿನ ಕೆಳಗೆ ಸಿಹಿನೀರಿನ ಒರತೆ ಇತ್ತು. ಸಾವಿರಾರು ವರ್ಷ ಮೂಲನಿವಾಸಿಗಳು ದೂರದೂರದಿಂದ ಬಂದು ಅಲ್ಲಿ ಸೇರುತ್ತಿದ್ದರು. ರೈಲ್ವೆ ಅದಕ್ಕೆ ಪಂಪ್ ಹಾಕಿತು. ಕೆಲವೇ ವರ್ಷಗಳಲ್ಲಿ ಒರತೆ ಸೊರಗಿತು. 1952ರಲ್ಲಿ ಅಲ್ಲಿನ ಕ್ರೈಸ್ತ ಮಿಷನ್ ಮುಚ್ಚಿತು. ಜನರನ್ನು ದಕ್ಷಿಣದ ಯಲಾಟಾಗೆ ಸಾಗಿಸಿದರು. ಆಮೇಲೆ ವಾಟ್ಸನ್ ನಿಲ್ದಾಣದ ಉತ್ತರಕ್ಕೆ, ಮಾರಲಿಂಗಾದಲ್ಲಿ, ಬ್ರಿಟಿಷರು 1956–57ರಲ್ಲಿ ಏಳು ಅಣುಬಾಂಬ್ ಸಿಡಿಸಿದರು. ಸಣ್ಣ ಪ್ರಯೋಗಗಳು 1963ರವರೆಗೂ ನಡೆದವು, ವಿಷ ನೆಲದಲ್ಲಿ ಉಳಿಯಿತು. ಜಮೀನಿನ ಹಕ್ಕು ಅಲ್ಲಿನ ಮೂಲನಿವಾಸಿಗಳಾದ ಮಾರಲಿಂಗಾ ಜರುಜಾ ಜನರಿಗೆ ವಾಪಸ್ ಸಿಕ್ಕಿದ್ದು 1984ರಲ್ಲಿ. ಕುಕ್ ಖಾಲಿಯಾದದ್ದನ್ನು ಎಲ್ಲರೂ ಫೋಟೋ ತೆಗೆಯುತ್ತಾರೆ. ಊಲ್ಡಿಯಾ ಖಾಲಿಯಾದದ್ದು ನನ್ನ ಪಾಲಿಗೆ ದೊಡ್ಡ ನಷ್ಟ.

ಈಗ ನಿಮ್ಮ ಪ್ರಯಾಣಕ್ಕೆ ಬರೋಣ. ಅಡಿಲೇಡ್‌ನಿಂದ ಪರ್ತ್ ಸುಮಾರು 2,700 ಕಿ.ಮೀ. ಮೊದಲ ರಾತ್ರಿ ಸೆಡೂನಾ, ಎರಡನೇ ರಾತ್ರಿ ಬಾರ್ಡರ್ ವಿಲೇಜ್ ಅಥವಾ ಯೂಕ್ಲಾ ಇಟ್ಟುಕೊಳ್ಳಿ. ರೂಮು ಮೊದಲೇ ಬುಕ್ ಮಾಡಿ. ದಾರಿಯಲ್ಲಿ ಸಿಗುವ ಪ್ರತಿ ರೋಡ್‌ಹೌಸ್‌ನಲ್ಲೂ (ಹೆದ್ದಾರಿ ಬದಿಯ ಪೆಟ್ರೋಲ್ ಬಂಕ್, ಊಟದ ಜಾಗ) ಟ್ಯಾಂಕ್ ತುಂಬಿಸಿ, ಮುಂದೆ ನೋಡೋಣ ಅನ್ನಬೇಡಿ. ತುಂಬಾ ದೂರ ಮೊಬೈಲ್ ಸಿಗ್ನಲ್ ಇರುವುದಿಲ್ಲ, ನೀರು ಧಾರಾಳವಾಗಿ ಇಟ್ಟುಕೊಳ್ಳಿ. ಹೊತ್ತು ಮುಳುಗಿದ ಮೇಲೆ ಓಡಿಸಲೇಬೇಡಿ, ಕಾಂಗರೂ, ವೊಂಬ್ಯಾಟ್, ಒಂಟೆ ಅಡ್ಡ ಬರುತ್ತವೆ. ಬಲಡೋನಿಯಾ–ಕೈಗುನಾ ನಡುವೆ ರಸ್ತೆಯೂ 146 ಕಿ.ಮೀ. ನೇರ, ನಿದ್ದೆ ಎಳೆಯುತ್ತದೆ, ಅಲ್ಲಿ ನೀವೂ ನಿಮ್ಮ ಮನೆಯವರೂ ಬದಲಾಯಿಸಿಕೊಂಡು ಓಡಿಸಿ. ಎರಡು ರಾಜ್ಯಗಳ ಗಡಿಯಲ್ಲಿ ತಪಾಸಣೆ ಇದೆ. ಹಸಿ ತರಕಾರಿ, ಹಣ್ಣು, ಜೇನುತುಪ್ಪ ಪಶ್ಚಿಮಕ್ಕೆ ಬಿಡುವುದಿಲ್ಲ. ಅಣ್ಣನ ಮನೆಗೆ ಅಂತ ಕರಿಬೇವಿನ ಗಿಡ ಒಯ್ಯುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ.